‘ನಾನು ದಡ್ಡ’ ಎನ್ನುವ ಮಗ

ಓದುಗರೊಬ್ಬರ ಪತ್ರ: “ಶಕ್ತಿ ಮೀರಿ ಮಗನನ್ನು ದೊಡ್ಡ ಶಾಲೆಗೆ ಸೇರಿಸಿದೆವು. ಈಗ ಆರನೇ ತರಗತಿ. ಚುರುಕಾಗಿದ್ದವನು ಮಂಕಾಗಿದ್ದಾನೆ. ಎಲ್ಲರ ಹತ್ತಿರವೂ ಫೋನಿದೆ, ನನಗಿಲ್ಲ ಅಂತಾನೆ. ಮೊನ್ನೆ ‘ನಾನು ದಡ್ಡ’ ಅಂದ. ನಮ್ಮ ಬಡತನವೇ ಅವನನ್ನು ಕುಗ್ಗಿಸುತ್ತಿದೆಯೇ? ಸಾಲ ಮಾಡಿಯಾದರೂ ಫೋನ್ ಕೊಡಿಸಿಬಿಡೋಣವೇ?”

ಸಂಪಾದಕರ ಉತ್ತರ:

ಫೋನ್ ವಿಷಯಕ್ಕೆ ನೀವು ಜಾಸ್ತಿ ತಲೆ ಕೆಡಿಸಿಕೊಂಡಿದ್ದೀರಿ. ನನಗೆ ಚಿಂತೆ ಹತ್ತಿದ್ದು ‘ದಡ್ಡ’ ಎಂಬ ಮಾತಿಗೆ.

ಮನೆಯಲ್ಲಿ ದುಡ್ಡು ಕಡಿಮೆ ಎಂದ ಮಾತ್ರಕ್ಕೆ ಮಗು ತನ್ನನ್ನು ಕೀಳಾಗಿ ಕಾಣುವುದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಮಾರಿಸ್ ರೋಸೆನ್‌ಬರ್ಗ್ ಮತ್ತು ಲಿಯೊನಾರ್ಡ್ ಪರ್ಲಿನ್ 1978ರಲ್ಲಿ ಇದರ ಬಗ್ಗೆ ಬರೆದರು. ಸಣ್ಣ ಮಕ್ಕಳಲ್ಲಿ ಮನೆಯ ಅಂತಸ್ತಿಗೂ ಆತ್ಮಗೌರವಕ್ಕೂ ಹೆಚ್ಚುಕಡಿಮೆ ನಂಟೇ ಇರಲಿಲ್ಲ. ಹದಿಹರೆಯದವರಲ್ಲಿ ಸ್ವಲ್ಪ ಕಂಡಿತು, ದೊಡ್ಡವರಲ್ಲಿ ಇನ್ನೂ ಹೆಚ್ಚು. ಪುಟ್ಟ ಮಗುವಿನ ಸುತ್ತ ಇರುವವರು ಬಹುಪಾಲು ಅದರಂಥವರೇ ಅಲ್ವಾ? ಅಪ್ಪನ ಸಂಬಳಕ್ಕಿಂತ ಅಪ್ಪ-ಅಮ್ಮ ತನ್ನನ್ನು ಹೇಗೆ ಕಾಣುತ್ತಾರೆ ಎನ್ನುವುದೇ ಅದಕ್ಕೆ ದೊಡ್ಡದು. ಹೋಲಿಕೆ ಶುರುವಾಗುವುದು ಆಮೇಲೆ. ನಿಮ್ಮ ಮಗನಿಗೆ ಶಾಲೆ ಬದಲಾದಾಗ ಶುರುವಾಗಿದೆ.

ಫ್ರಾನ್ಸಿನ ಮನಶ್ಶಾಸ್ತ್ರಜ್ಞರಾದ ಸೆಬಾಸ್ಟಿಯನ್ ಗುಡೋ ಮತ್ತು ಜಾನ್-ಕ್ಲಾಡ್ ಕ್ರುವಾಜೆ 2017ರಲ್ಲಿ ಕೆಲವು ಪ್ರಯೋಗಗಳನ್ನು ಪ್ರಕಟಿಸಿದರು. ಮಕ್ಕಳು ಹೆಚ್ಚುಕಡಿಮೆ ನಿಮ್ಮ ಮಗನ ವಯಸ್ಸಿನವರೇ. ಕಷ್ಟದ ಪ್ರಶ್ನೆ ಕೊಟ್ಟು, ಕೆಲವು ಕಡೆ ‘ಉತ್ತರ ಸಿಕ್ಕವರು ಕೈಯೆತ್ತಿ’ ಎಂದರು. ಕೈಯೆತ್ತಿಸಿದ ಕಡೆ ದುಡಿಯುವ ವರ್ಗದ ಮನೆಗಳ ಮಕ್ಕಳು ಇನ್ನಷ್ಟು ಹಿಂದೆ ಬಿದ್ದರು. ಇನ್ನೊಂದು ಪ್ರಯೋಗದಲ್ಲಿ ಕೆಲವರಿಗೆ ಮಾತ್ರ ಮೊದಲೇ ಜಾಸ್ತಿ ಅಭ್ಯಾಸ ಮಾಡಿಸಿದ್ದರು. ಈ ವಿಷಯ ತಿಳಿಸಿದಾಗ, ಅಭ್ಯಾಸ ಕಡಿಮೆಯಿದ್ದವರು ಅಷ್ಟು ಹಿಂದೆ ಬೀಳಲಿಲ್ಲ.

ನಿಮ್ಮ ಮಗನ ತರಗತಿಯಲ್ಲೂ ಹೀಗೇ ಆಗುತ್ತಿರಬಹುದು. ಪಕ್ಕದವನ ಕೈ ಪಟ್ಟನೆ ಮೇಲೆ ಹೋಗುವುದು ಅವನಿಗೆ ಕಾಣುತ್ತದೆ. ಅದರ ಹಿಂದಿನ ಮನೆಪಾಠ, ಪುಸ್ತಕಗಳು, ಪಕ್ಕ ಕೂತು ಹೇಳಿಕೊಡುವ ಅಮ್ಮ ಕಾಣುವುದಿಲ್ಲ. ಕಂಡಷ್ಟರಲ್ಲೇ ಲೆಕ್ಕ ಹಾಕುತ್ತಾನೆ: ಅವನು ಜಾಣ, ನಾನು ದಡ್ಡ. ‘ನೀನೂ ಜಾಣ ಕಣೋ’ ಎಂದು ಸುಮ್ನೆ ಹೊಗಳಿದರೆ ನಂಬುವುದಿಲ್ಲ. ‘ಅವರು ಇದನ್ನು ಮೊದಲೇ ಕಲಿತು ಬಂದಿದ್ದಾರೆ, ನೀನು ಈಗ ಶುರು ಮಾಡಿದ್ದೀಯ’ ಎಂದು ಬಿಡಿಸಿ ಹೇಳಿ. ಟೀಚರ್ ಹತ್ತಿರವೂ ಮಾತಾಡಿ. ಯಾರು ಮೊದಲು ಮುಗಿಸಿದರು ಎಂಬ ಪಂದ್ಯ ಸ್ವಲ್ಪ ಕಡಿಮೆಯಾಗಲಿ.

(ಬಡತನ ಮಕ್ಕಳನ್ನು ಗಟ್ಟಿ ಮಾಡುತ್ತದೆ ಎಂದು ಉಪದೇಶ ಮಾಡುವವರೂ ಸಿಗುತ್ತಾರೆ. ಬಹಳಷ್ಟು ಜನ ಹೊಟ್ಟೆ ತುಂಬಿದವರು. ಕಿವಿಗೆ ಹಾಕಿಕೊಳ್ಳಬೇಡಿ.)

ಇನ್ನು ಸಾಲದ ಮಾತು. ಅಮೆರಿಕದ ಅಯೋವಾದಲ್ಲಿ 1980ರ ದಶಕದಲ್ಲಿ ಬೇಸಾಯ ನೆಲಕಚ್ಚಿತು. ಸಂಶೋಧಕ ರ್‍ಯಾಂಡ್ ಕಾಂಗರ್ ಮತ್ತು ಸಂಗಡಿಗರು ಅಲ್ಲಿನ ಹಳ್ಳಿಗಾಡಿನ ಕುಟುಂಬಗಳನ್ನು ವರ್ಷಗಟ್ಟಲೆ ಗಮನಿಸಿದರು. ಹಣದ ಒತ್ತಡ ಮಕ್ಕಳನ್ನು ಮುಟ್ಟುತ್ತಿದ್ದುದು ಬಹುಮಟ್ಟಿಗೆ ಹೆತ್ತವರ ಮೂಲಕ. ಅವರು ಮನಸ್ಸು ಮುರಿದುಕೊಂಡು, ಜಗಳವಾಡಿ, ಕೊನೆಗೆ ಮಕ್ಕಳ ಮೇಲೆ ಸಿಡುಕುತ್ತಿದ್ದರು. ಫೋನಿನ ಖುಷಿ ನಾಲ್ಕು ದಿನ. ಕಂತಿನ ಸಿಡಿಮಿಡಿ ತಿಂಗಳು ತಿಂಗಳೂ ಇರುತ್ತದೆ. ಹಾಗಾಗಿ ಸಾಲ ಬೇಡ.

‘ಈಗ ಆಗೋದಿಲ್ಲ, ಸ್ವಲ್ಪ ಉಳಿಸಿದ ಮೇಲೆ ನೋಡೋಣ’ ಎಂದು ನೇರವಾಗಿ ಹೇಳಿ. ಅಷ್ಟು ಅವನಿಗೆ ಅರ್ಥವಾಗುತ್ತದೆ. ಕಾರಣ ಹೇಳದೆ ಗದರಿಸಿದರೆ, ದುಡ್ಡಿಲ್ಲದಿರುವುದು ಬಾಯಿಬಿಟ್ಟು ಹೇಳಬಾರದ ನಾಚಿಕೆಯ ವಿಷಯ ಎಂದುಕೊಂಡಾನು.