ಹಬ್‌ಗೆ ಎರಡು ಮಾನಿಟರ್ ಹಾಕಿದರೆ ಎರಡರಲ್ಲೂ ಒಂದೇ ಚಿತ್ರ ಯಾಕೆ?

ಶಿರಸಿಯಿಂದ ನೀವು ಕೇಳಿದ್ದು ಇಷ್ಟು: ಗೇಮಿಂಗ್ ಲ್ಯಾಪ್‌ಟಾಪಿಗೆ ಒಂದು ಎಚ್‌ಡಿಎಂಐ, ಒಂದು ಟೈಪ್-ಸಿ ಇದೆ. ಟೈಪ್-ಸಿಗೆ ಹಾಕುವ, ಎರಡು ಎಚ್‌ಡಿಎಂಐ ಇರುವ ಹಬ್ ತಂದು ಮಾನಿಟರ್ ಎರಡನ್ನೂ ಅದಕ್ಕೇ ಚುಚ್ಚಿದರೆ ಒಂದೇ ಚಿತ್ರ ಬರುತ್ತಿದೆ, 144 ಹರ್ಟ್ಸ್‌ನ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಮಾನಿಟರ್ 60ಕ್ಕೇ ನಿಂತಿದೆ.

ಮೊದಲು ವಿಂಡೋಸ್ ಕೀ ಜೊತೆ ಪಿ ಒತ್ತಿ 'ಎಕ್ಸ್‌ಟೆಂಡ್' ಆರಿಸಿ. ಆಮೇಲೂ ಹಾಗೇ ಇದ್ದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು ನಂಬರ್ ಹಾಕಿದ ಚೌಕಗಳನ್ನು ಎಣಿಸಿ. ಲ್ಯಾಪ್‌ಟಾಪಿನದ್ದು ಬಿಟ್ಟು ಒಂದೇ ಚೌಕ ಕಂಡರೆ ಹಬ್‌ನಲ್ಲಿ ಎಂಎಸ್‌ಟಿ (ಒಂದೇ ಕೇಬಲಿನಲ್ಲಿ ಎರಡು ಬೇರೆ ಬೇರೆ ಚಿತ್ರ ಕಳಿಸುವ ವ್ಯವಸ್ಥೆ) ಇಲ್ಲ, ಒಂದೇ ಸಿಗ್ನಲನ್ನು ಎರಡು ಕಡೆ ಹಂಚುತ್ತಿದೆ ಅಷ್ಟೇ. ಯಾವ ಡ್ರೈವರ್ ಹಾಕಿದರೂ ಅದು ಸರಿಹೋಗುವುದಿಲ್ಲ.

ನಿಜ ಹೇಳಬೇಕೆಂದರೆ ನಿಮಗೆ ಹಬ್ಬೇ ಬೇಡ. ಆಟದ ಮಾನಿಟರನ್ನು ಲ್ಯಾಪ್‌ಟಾಪಿನ ಎಚ್‌ಡಿಎಂಐಗೆ ನೇರ ಹಾಕಿ, ಇನ್ನೊಂದಕ್ಕೆ ಟೈಪ್-ಸಿಯಿಂದ ಡಿಸ್‌ಪ್ಲೇಪೋರ್ಟಿಗೆ (ಎಚ್‌ಡಿಎಂಐಯಂಥದ್ದೇ ಇನ್ನೊಂದು ಚಿತ್ರದ ಕಿಂಡಿ) ಹೋಗುವ ಕೇಬಲ್ ತನ್ನಿ. ನಂತರ 'ಅಡ್ವಾನ್ಸ್ಡ್ ಡಿಸ್‌ಪ್ಲೇ'ಯಲ್ಲಿ 144 ನೀವೇ ಆರಿಸಬೇಕು, ಎಷ್ಟೋ ಸಲ ವಿಂಡೋಸ್ 60ರಲ್ಲೇ ಬಿಟ್ಟಿರುತ್ತದೆ. ಮಾನಿಟರ್ 1440ಪಿ (2560×1440 ಚುಕ್ಕಿಗಳದ್ದು) ಆಗಿದ್ದರೆ 144ಕ್ಕೆ ಎಚ್‌ಡಿಎಂಐ 2.0 ಬೇಕು, 1.4 ಸಾಲದು.

ಟೈಪ್-ಸಿ ಇದ್ದ ಮಾತ್ರಕ್ಕೆ ಚಿತ್ರ ಬರುತ್ತದೆ ಎಂದಲ್ಲ. ಪಕ್ಕದಲ್ಲಿ ಡಿ ಒಳಗೆ ಪಿ ಕೂತಂಥ ಗುರುತೋ ಮಿಂಚಿನ ಗುರುತೋ ಇದೆಯಾ ನೋಡಿ. ಇಲ್ಲದಿದ್ದರೆ ಮ್ಯಾನ್ಯುಯಲ್‌ನಲ್ಲಿ 'ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್' ಹುಡುಕಿ, ಟೈಪ್-ಸಿಯಿಂದ ಚಿತ್ರ ಬರುತ್ತದೆ ಎಂಬುದಕ್ಕೆ ಅದೇ ಹೆಸರು. ಅದೂ ಇಲ್ಲವಾದರೆ ಮಾಮೂಲಿ ಯುಎಸ್‌ಬಿ ಮೂಲಕ ಡ್ರೈವರ್ ಹಾಕಿ ಚಿತ್ರ ಕಳಿಸುವ ಡಿಸ್‌ಪ್ಲೇಲಿಂಕ್ ಅಡಾಪ್ಟರ್ ಗತಿ. ಎಕ್ಸೆಲ್, ಬ್ರೌಸರಿಗೆ ಅಡ್ಡಿಲ್ಲ, ಆಟಕ್ಕೆ ಬೇಡ.

ಎಷ್ಟೋ ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಆಟಕ್ಕೆಂದೇ ಇರುವ ಎನ್ವಿಡಿಯಾ ಗ್ರಾಫಿಕ್ಸ್ ಚಿಪ್ಪಿಗೂ ಟೈಪ್-ಸಿ ಪ್ರೊಸೆಸರ್ ಒಳಗಿನ ಗ್ರಾಫಿಕ್ಸಿಗೂ ಸೇರಿರುತ್ತದೆ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ 'ಕಾನ್ಫಿಗರ್ ಸರೌಂಡ್, ಫಿಸೆಕ್ಸ್' ಪುಟದಲ್ಲಿ ಯಾವ ಮಾನಿಟರ್ ಯಾವುದಕ್ಕೆ ಎಂದು ಗೆರೆ ಎಳೆದೇ ತೋರಿಸುತ್ತದೆ. ಆಟದ್ದು ಎನ್ವಿಡಿಯಾ ಕಡೆಗೇ ಇರಲಿ. ಇಲ್ಲವಾದರೆ ಪ್ರತಿ ಫ್ರೇಮೂ ಒಳಗಿನ ಗ್ರಾಫಿಕ್ಸ್ ಮೂಲಕ ಸುತ್ತಿ ಬಂದು ವೇಗ ಇಳಿಯುತ್ತದೆ.

ಅಂಗಡಿಯಲ್ಲಿ ಕೇಬಲಿನ ದಿಕ್ಕು ಕೇಳಿಯೇ ಕೊಳ್ಳಿ. ಡಿಸ್‌ಪ್ಲೇಪೋರ್ಟ್–ಎಚ್‌ಡಿಎಂಐ ಮಾಮೂಲಿ ಕೇಬಲಿನಲ್ಲಿ ಡಿಸ್‌ಪ್ಲೇಪೋರ್ಟ್ ತುದಿ ಕಂಪ್ಯೂಟರಿಗೇ ಹೋಗಬೇಕು, ತಿರುಗಿಸಿದರೆ ಕಪ್ಪು ಪರದೆ.

ಲ್ಯಾಪ್‌ಟಾಪಿನ ಲೋಹ ಮುಟ್ಟಿದಾಗ ಜುಂ ಎಂದರೆ ಮೊದಲು ಮನೆಯ ಅರ್ಥಿಂಗ್ ನೋಡಿಸಿ, ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿರುತ್ತದೆ. ಎಲ್ಲ ಪ್ಲಗ್ ಒಂದೇ ಮೂರು ಪಿನ್ ಸಾಕೆಟ್ಟಿನಿಂದ ಬರಲಿ, ಎಚ್‌ಡಿಎಂಐ ಚುಚ್ಚುವಾಗ ಲ್ಯಾಪ್‌ಟಾಪ್, ಮಾನಿಟರ್ ಎರಡೂ ಆಫ್ ಇರಲಿ. ಮೇ ತಿಂಗಳ ಗುಡುಗಿಗೆ ಸ್ಪೈಕ್ ಗಾರ್ಡ್ ನಂಬಿ ಕೂರಬೇಡಿ, ಪ್ಲಗ್ ಕಿತ್ತಿಡಿ. ರೂಟರಿನಿಂದ ಬರುವ ಲ್ಯಾನ್ ಕೇಬಲನ್ನೂ ಕಿತ್ತಿಡಿ. ಜನ ಮರೆಯುವುದು ಅದನ್ನೇ.