ಆರ್ಡರ್ ಬೈ ಕೂಡ ಇನ್‌ಪುಟ್ಟೇ: ಫಿಲ್ಟರ್ ಕ್ವೆರಿ ಕಟ್ಟುವವರಿಗೆ

ಅಡಿಕೆ ಧಾರಣೆ ಹುಡುಕುವ ಪುಟಕ್ಕೆ ಎಸ್‌ಕ್ಯೂಎಲ್ ಕ್ವೆರಿ ಕಟ್ಟಲು ಅಂತ ನೀವು ಈ ಫೋರಂನಲ್ಲಿ ಹಾಕಿರುವ ಪೈಥಾನ್ ಫಂಕ್ಷನ್ ಪೂರ್ತಿ ಓದಿದೆ. ಅದರ ಸ್ಪೀಡ್ ಹೆಚ್ಚಿಸುವುದು ಹೇಗೆ, ಕೊಪ್ಪ ಅಂತ ಹುಡುಕಿದರೆ ಕೆಲವು ಸಾಲು ಯಾಕೆ ಬರುತ್ತಿಲ್ಲ ಅಂತಲೂ ಕೇಳಿದ್ದೀರಿ. ಮಾರುಕಟ್ಟೆ, ಬಗೆ, ದಿನಾಂಕ, ಕನಿಷ್ಠ-ಗರಿಷ್ಠ ದರ, ಕೊನೆಗೆ ಯಾವ ಕಾಲಂ ಮೇಲೆ ಸಾರ್ಟ್ ಮಾಡಬೇಕು ಅನ್ನುವುದು (ಕ್ವೆರಿಯ ಆರ್ಡರ್ ಬೈ ಭಾಗ), ಎಲ್ಲವೂ ಬ್ರೌಸರ್‌ನಿಂದ ಬಂದ ಹಾಗೇ ಎಫ್-ಸ್ಟ್ರಿಂಗ್‌ಗೆ (ವೇರಿಯಬಲ್‌ಗಳನ್ನು ನೇರ ಸೇರಿಸಿಕೊಳ್ಳುವ ಪೈಥಾನ್ ಸ್ಟ್ರಿಂಗ್) ಸೇರುತ್ತಿದೆ. ಸಿಂಗಲ್ ಕೋಟ್ ಬಂದರೆ ಅದನ್ನು ಎರಡು ಮಾಡುವ ಸಾಲೊಂದಿದೆ. ಆ ಒಂದು ಸಾಲು ನಂಬಿಕೊಂಡು ಇಂಜೆಕ್ಷನ್, ಅಂದರೆ ಇನ್‌ಪುಟ್ ಮೂಲಕ ಬೇರೆಯವರು ತಮ್ಮ ಎಸ್‌ಕ್ಯೂಎಲ್ ನುಗ್ಗಿಸುವುದು, "ಹ್ಯಾಂಡಲ್ ಆಗಿದೆ" ಅಂದಿದ್ದೀರಿ. ಆಗಿಲ್ಲ. ನಾನಿದ್ದ ಹಳೆಯ ಟೀಮಿನಲ್ಲೂ ಹೆಚ್ಚುಕಡಿಮೆ ಇದೇ ಕೋಡ್ ಪ್ರೊಡಕ್ಷನ್‌ಗೆ ಹೋಗಿತ್ತು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ವ್ಯಾಲ್ಯೂಗಳ ಮಾತು ಬೇಗ ಮುಗಿಸುತ್ತೇನೆ. ಎಲ್ಲವನ್ನೂ ಬೈಂಡ್ ಮಾಡಿ (ಕ್ವೆರಿಯಲ್ಲಿ %s ಥರದ ಪ್ಲೇಸ್‌ಹೋಲ್ಡರ್ ಇಟ್ಟು, ವ್ಯಾಲ್ಯೂವನ್ನು ಡೇಟಾಬೇಸ್ ಜೊತೆ ಮಾತಾಡುವ ಡ್ರೈವರ್ ಲೈಬ್ರರಿಗೆ ಬೇರೆಯಾಗಿ ಕೊಡುವುದು), ಕೋಟ್ ಎರಡು ಮಾಡುವ ಸಾಲನ್ನು ಅಳಿಸಿ. ಅಳಿಸದೆ ಬೈಂಡ್ ಒಂದನ್ನೇ ಸೇರಿಸಿದರೆ ಡಿ'ಸೋಜ ಅಂತ ಹುಡುಕಿದ್ದು ಡಿ''ಸೋಜ ಆಗಿ ಹೋಗುತ್ತದೆ, ಸಾಲು ಸಿಗುವುದಿಲ್ಲ. ಮಂಗಳೂರು ಕಡೆ ಆ್ಯಪ್ ಬಿಟ್ಟ ಮೊದಲ ದಿನವೇ ಗೊತ್ತಾಗುತ್ತದೆ. ಪ್ಲೇಸ್‌ಹೋಲ್ಡರ್ ಸುತ್ತ ನೀವಾಗಿ ಕೋಟ್ ಹಾಕಬೇಡಿ, ಅದು ಡ್ರೈವರ್ ಕೆಲಸ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಪೈಥಾನ್ ಡ್ರೈವರ್ ಸೈಕೋಪಿಜಿ 2ರಲ್ಲಿ ಪ್ಯಾರಾಮೀಟರ್ (ಬೈಂಡ್ ಮಾಡುವ ವ್ಯಾಲ್ಯೂ) ಕೊಟ್ಟಾಗ ಕ್ವೆರಿಯೊಳಗಿನ ನಿಜವಾದ % ಗುರುತನ್ನು %% ಅಂತ ಬರೆಯಬೇಕು. ಇದನ್ನು ಮರೆತು ಎರರ್ ಬಂದಾಗ ತುಂಬಾ ಜನ ಬೈಂಡಿಂಗನ್ನೇ ಬಿಟ್ಟು ಮತ್ತೆ ಎಫ್-ಸ್ಟ್ರಿಂಗ್‌ಗೆ ಓಡುತ್ತಾರೆ.

ಇದೇ ಫೋರಂನಲ್ಲಿ ಇನ್ನೊಬ್ಬರು "ಡ್ರಾಪ್, ಯೂನಿಯನ್, ಸೆಲೆಕ್ಟ್ ಪದಗಳನ್ನು ರೆಗೆಕ್ಸ್‌ನಿಂದ ತೆಗೆದುಬಿಡಿ ಸಾಕು" ಅಂದಿದ್ದಾರೆ. ದಯವಿಟ್ಟು ಹೊಸಬರಿಗೆ ಈ ಸಲಹೆ ಕೊಡಬೇಡಿ. ಡ್ರಾಪ್ ಅನ್ನುವ ಪದದ ನಡುವೆ ಇನ್ನೊಂದು ಡ್ರಾಪ್ ತುರುಕಿ ಕಳಿಸಿದರೆ, ನಿಮ್ಮ ರೆಗೆಕ್ಸ್ ಒಳಗಿನದನ್ನು ಕಿತ್ತು ಹೊರಗಿನದನ್ನು ತಾನೇ ಜೋಡಿಸಿಕೊಡುತ್ತದೆ. ಎಸ್ಕೇಪ್ ಮಾಡುವುದು (ವಿಶೇಷ ಗುರುತುಗಳನ್ನು ಬರೀ ಅಕ್ಷರವಾಗಿ ಓದುವ ಹಾಗೆ ಬದಲಿಸುವುದು) ಪಳಗಿದವರಿಗೂ ಕಷ್ಟ. ಪೋಸ್ಟ್‌ಗ್ರೆಸ್‌ನ ಲಿಬ್‌ಪಿಕ್ಯೂ ಲೈಬ್ರರಿಯ ಎಸ್ಕೇಪ್ ಫಂಕ್ಷನ್‌ಗಳಲ್ಲೇ, ಕೆಟ್ಟ ಯುಟಿಎಫ್-8 ಬೈಟ್ ಬಂದರೆ ಕೋಟ್ ತಪ್ಪಿಹೋಗುವ ದೋಷ 2025ರ ಫೆಬ್ರುವರಿಯಲ್ಲಿ ಹೊರಬಂತು (ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಅದರ ಸಂಖ್ಯೆ ಸಿವಿಇ-2025-1094). ಅಷ್ಟು ವರ್ಷ ಪಳಗಿದ ಕೋಡ್ ಅದು. ನಮ್ಮ ಒಂದು ಸಾಲಿನ ರೀಪ್ಲೇಸ್ ಯಾವ ಲೆಕ್ಕ?

ಇನ್ನು ನನಗೆ ಮುಖ್ಯವಾದದ್ದು ಆರ್ಡರ್ ಬೈ.

ನಮ್ಮ ಟೀಮಿನ ರಿಪೋರ್ಟ್ ಪುಟದಲ್ಲಿ ವ್ಯಾಲ್ಯೂಗಳೆಲ್ಲ ನೀಟಾಗಿ ಬೈಂಡ್ ಆಗಿದ್ದವು. ಕೋಡ್ ರಿವ್ಯೂ ಆಗಿತ್ತು, ಸ್ಕ್ಯಾನರ್ ಕೂಡ ಹಸಿರು ತೋರಿಸಿತ್ತು. ಸಾರ್ಟ್ ಕಾಲಂ ಮಾತ್ರ ಯುಆರ್‌ಎಲ್‌ನಿಂದ ಬಂದು ನೇರ ಅಂಟಿಕೊಳ್ಳುತ್ತಿತ್ತು. ಕಾಲಂ ಹೆಸರಷ್ಟೇ ತಾನೇ, ಡ್ರಾಪ್‌ಡೌನ್‌ನಿಂದ ತಾನೇ ಬರುವುದು ಅನ್ನುವ ಧೈರ್ಯ. ಸೆಕ್ಯುರಿಟಿ ಟೆಸ್ಟ್ ಮಾಡಲು ಬಂದ ಹುಡುಗಿ ಡ್ರಾಪ್‌ಡೌನ್ ಮುಟ್ಟಲೇ ಇಲ್ಲ. ಕಾಲಂ ಹೆಸರಿನ ಜಾಗದಲ್ಲಿ ಒಂದು ಕೇಸ್ ಎಕ್ಸ್‌ಪ್ರೆಶನ್ ಕೊಟ್ಟಳು: ಯೂಸರ್ ಟೇಬಲ್‌ನ ಮೊದಲ ಸಾಲಿನ ಪಾಸ್‌ವರ್ಡ್ ಹ್ಯಾಶ್‌ನ (ಪಾಸ್‌ವರ್ಡ್ ಬದಲು ಇಡುವ ಗುಪ್ತ ರೂಪ) ಇಂತಿಷ್ಟನೇ ಅಕ್ಷರದ ಆಸ್ಕಿ ಸಂಖ್ಯೆ 77ಕ್ಕಿಂತ ಜಾಸ್ತಿಯಿದ್ದರೆ ದರ, ಇಲ್ಲದಿದ್ದರೆ ಮೈನಸ್ ದರ. ಪಟ್ಟಿ ಏರಿಕೆಯಲ್ಲಿ ಬಂದರೆ ಹೌದು, ಇಳಿಕೆಯಲ್ಲಿ ಬಂದರೆ ಅಲ್ಲ. ಪ್ರತಿ ಸಲ ವ್ಯಾಪ್ತಿಯನ್ನು ಅರ್ಧ ಮಾಡುತ್ತಾ ಹೋದರೆ ಒಂದು ಅಕ್ಷರಕ್ಕೆ ಆರೇಳು ರಿಕ್ವೆಸ್ಟ್ ಸಾಕು. ಬಿಕ್ರಿಪ್ಟ್ ಅನ್ನುವ ವಿಧಾನದ ಹ್ಯಾಶ್ 60 ಅಕ್ಷರ. ನಾನೂರರ ಆಸುಪಾಸು ರಿಕ್ವೆಸ್ಟ್‌ನಲ್ಲಿ, ಅದೂ ಸ್ಕ್ರಿಪ್ಟ್ ಮಾಡಿಬಿಟ್ಟರೆ ಚಹಾ ಕುಡಿದು ಬರುವಷ್ಟರಲ್ಲಿ, ಅಡ್ಮಿನ್ ಹ್ಯಾಶ್ ಪೂರ್ತಿ ಕೈಗೆ. ಇದರಲ್ಲಿ ಒಂದೇ ಒಂದು ಕೋಟ್ ಇಲ್ಲ, ಸೆಮಿಕೋಲನ್ ಇಲ್ಲ, ಕಾಮೆಂಟ್ ಗುರುತಿಲ್ಲ. ಲಾಗ್‌ನಲ್ಲಿ ಎರರ್ ಇಲ್ಲ, ಎಲ್ಲ 200 (ಸರಿಯಾಯಿತು ಅನ್ನುವ ಉತ್ತರ). ನಿಮ್ಮ ಕೋಟ್ ಎರಡು ಮಾಡುವ ಸಾಲಿಗೆ ಇಲ್ಲಿ ಮಾಡಲು ಕೆಲಸವೇ ಇಲ್ಲ.

"ಹಾಗಾದರೆ ಅದನ್ನೂ ಬೈಂಡ್ ಮಾಡ್ತೀನಿ" ಅನ್ನಬೇಡಿ, ಕಾಲಂ ಹೆಸರು ಬೈಂಡ್ ಆಗುವುದಿಲ್ಲ. ಸೈಕೋಪಿಜಿ 2ರಲ್ಲಾದರೆ ಪೋಸ್ಟ್‌ಗ್ರೆಸ್ ಎರರ್ ಕೊಟ್ಟು ನಿಲ್ಲಿಸುತ್ತದೆ. ಸೈಕೋಪಿಜಿ 3 ಅಥವಾ ಜಾವಾದ ಡೇಟಾಬೇಸ್ ಸಂಪರ್ಕ ವ್ಯವಸ್ಥೆ ಜೆಡಿಬಿಸಿಯಲ್ಲಿ ಪ್ಯಾರಾಮೀಟರ್ ಸರ್ವರ್‌ಗೇ ಹೋಗುವುದರಿಂದ ಎರರ್ ಕೂಡ ಬರುವುದಿಲ್ಲ. ಎಲ್ಲ ಸಾಲಿಗೂ ಒಂದೇ ಸ್ಥಿರ ಪದ, ಅದರ ಮೇಲೆ ಸಾರ್ಟ್, ಅಂದರೆ ಸಾರ್ಟೇ ಇಲ್ಲ.

ನಾವು ಆಮೇಲೆ ಮಾಡಿದ್ದು, ಇವತ್ತಿಗೂ ನಾನು ಮಾಡುವುದು ಒಂದೇ: ಡಿಕ್ಷನರಿ. ಎಡಕ್ಕೆ ಯೂಸರ್ ಕಳಿಸುವ ಕೀ, ಬಲಕ್ಕೆ ನಾನೇ ಟೈಪ್ ಮಾಡಿದ ಎಸ್‌ಕ್ಯೂಎಲ್ ತುಣುಕು. "ದರ" ಬಂದರೆ ದರದ ಕಾಲಂ, "ಹೊಸದು" ಬಂದರೆ ದಿನಾಂಕ ಇಳಿಕೆ ಕ್ರಮ, ನಲ್ ಕೊನೆಗೆ. ಯೂಸರ್ ಕಳಿಸಿದ ಅಕ್ಷರ ಒಂದೂ ಕ್ವೆರಿಯೊಳಗೆ ಹೋಗುವುದಿಲ್ಲ, ಡಿಕ್ಷನರಿಯಲ್ಲಿ ಹುಡುಕಲು ಮಾತ್ರ ಬಳಕೆ. ಕೀ ಸಿಗದಿದ್ದರೆ 400 (ರಿಕ್ವೆಸ್ಟ್ ತಪ್ಪು ಅನ್ನುವ ಎರರ್) ಕೊಡಿ. ಸುಮ್ಮನೆ ಡೀಫಾಲ್ಟ್‌ಗೆ ಬೀಳಿಸಿದರೆ ಯಾರು ಏನು ಪ್ರಯತ್ನಿಸುತ್ತಿದ್ದಾರೆ ಅನ್ನುವುದು ತಿಳಿಯುವುದೇ ಇಲ್ಲ. ಏರಿಕೆ-ಇಳಿಕೆ ಪದವನ್ನೂ ಇದೇ ದಾರಿಯಲ್ಲಿ ತನ್ನಿ, ಎಷ್ಟೋ ಜನ ಕಾಲಂ ಸರಿಮಾಡಿ ಅದೊಂದನ್ನು ಹಾಗೇ ಬಿಡುತ್ತಾರೆ. ಸಾರ್ಟ್‌ನ ಕೊನೆಯಲ್ಲಿ ಯಾವಾಗಲೂ ಐಡಿ ಸೇರಿಸಿ, ಇಲ್ಲದಿದ್ದರೆ ಒಂದೇ ದರದ ಹತ್ತು ಲಾಟ್ ಇದ್ದಾಗ ಪುಟ ತಿರುಗಿಸುವಾಗ ಸಾಲುಗಳು ಜಾಗ ಬದಲಿಸುತ್ತವೆ.

ಕಾಲಂ ಹೆಸರನ್ನು ಸರಿಯಾಗಿ ಕೋಟ್ ಮಾಡಿಕೊಡುವ ಸೈಕೋಪಿಜಿಯ ಐಡೆಂಟಿಫೈಯರ್ ಕ್ಲಾಸ್ ಸಾಕಲ್ಲ ಅಂತ ಕೇಳಬಹುದು. ಪೋಸ್ಟ್‌ಗ್ರೆಸ್ ಫಂಕ್ಷನ್ ಒಳಗಾದರೆ ಫಾರ್ಮ್ಯಾಟ್‌ನ %I ಇದೆ, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕೋಟ್‌ನೇಮ್ ಇದೆ. ಇಂಜೆಕ್ಷನ್ ತಡೆಯಲು ಸಾಕು. ಆದರೆ ಯಾವ ಕಾಲಂ ಬಳಸಬಹುದು ಅನ್ನುವುದನ್ನು ಅವು ನೋಡುವುದಿಲ್ಲ. ಪುಟದಲ್ಲಿ ತೋರಿಸದ ಕಮಿಷನ್ ಕಾಲಂ ಮೇಲೆ ಸಾರ್ಟ್ ಮಾಡಿದರೆ ಯಾರಿಗೆ ಜಾಸ್ತಿ ಕಮಿಷನ್ ಅನ್ನುವ ಕ್ರಮ ಬಯಲಾಗುತ್ತದೆ. ಹಾಗಾಗಿ ಡಿಕ್ಷನರಿ ಬಿಡಬೇಡಿ. ಟೇಬಲ್ ಹೆಸರೇ ಬದಲಾಗುವ ಅನಿವಾರ್ಯ ಇದ್ದರೆ ಎರಡನ್ನೂ ಬಳಸಿ.

ಫಿಲ್ಟರ್‌ಗಳಿಗೆ: ಒಂದು ಷರತ್ತುಗಳ ಲಿಸ್ಟ್, ಒಂದು ಪ್ಯಾರಾಮೀಟರ್‌ಗಳ ಲಿಸ್ಟ್, ಎರಡಕ್ಕೂ ಒಟ್ಟಿಗೇ ಅಪೆಂಡ್, ಕೊನೆಗೆ ಆ್ಯಂಡ್ ಹಾಕಿ ಜಾಯ್ನ್. ಷರತ್ತಿನ ಪಠ್ಯ ನಿಮ್ಮದೇ ಇರಲಿ, ಪ್ಯಾರಾಮೀಟರ್ ಯೂಸರ್‌ದು. ಪ್ರತಿ ಫಿಲ್ಟರ್‌ಗೂ "ನಲ್ ಆಗಿದ್ದರೆ ಅಥವಾ ಸಮ ಇದ್ದರೆ" ಅಂತ ಬರೆದು ಒಂದೇ ದೊಡ್ಡ ಕ್ವೆರಿ ಮಾಡುವವರಿದ್ದಾರೆ. ಸುರಕ್ಷಿತ ಹೌದು, ಆದರೆ ಪ್ಲಾನರ್ (ಕ್ವೆರಿ ಹೇಗೆ ನಡೆಸಬೇಕೆಂದು ತೀರ್ಮಾನಿಸುವ ಡೇಟಾಬೇಸ್ ಭಾಗ) ಇಂಡೆಕ್ಸ್ ಬಿಟ್ಟು ಟೇಬಲ್ ಪೂರ್ತಿ ಓದುವುದು ಈ ಬಗೆಯ ಕ್ವೆರಿಗಳಲ್ಲಿ ಮಾಮೂಲು. ನೀವು ಕೇಳಿದ ಸ್ಪೀಡ್ ಪ್ರಶ್ನೆಗೂ ಲಿಸ್ಟ್ ವಿಧಾನವೇ ಉತ್ತರ, ಬಂದಿರುವ ಫಿಲ್ಟರ್ ಮಾತ್ರ ಕ್ವೆರಿಯಲ್ಲಿರುತ್ತದೆ.

ಹಲವು ಮಾರುಕಟ್ಟೆ ಆರಿಸಿದಾಗ ಶಿರಸಿ, ಸಾಗರ, ಯಲ್ಲಾಪುರ ಅಂತ ಕಾಮಾದಿಂದ ಜೋಡಿಸುತ್ತಿದ್ದೀರಿ. ಬೇಡ, ಪೈಥಾನ್ ಲಿಸ್ಟನ್ನೇ ಎಸ್‌ಕ್ಯೂಎಲ್‌ನ ಎನಿಗೆ (ANY) ಕೊಡಿ. ಖಾಲಿ ಲಿಸ್ಟ್ ಬಂದರೂ ಸಿಂಟ್ಯಾಕ್ಸ್ ಎರರ್ ಬರುವುದಿಲ್ಲ, ಇನ್ (IN) ಬಳಸಿದರೆ ಬರುತ್ತದೆ. ಲೈಕ್ ಹುಡುಕಾಟದಲ್ಲಿ ಬೈಂಡ್ ಮಾಡಿದರೂ % ಮತ್ತು _ ಗುರುತುಗಳಿಗೆ ಅವುಗಳ ವಿಶೇಷ ಅರ್ಥ ಇದ್ದೇ ಇರುತ್ತದೆ, ಮೊದಲು ಎಸ್ಕೇಪ್ ಅಕ್ಷರವನ್ನು, ಆಮೇಲೆ ಅವೆರಡನ್ನು ಎಸ್ಕೇಪ್ ಮಾಡಿ. ಲಿಮಿಟ್‌ಗೆ ಮೇಲಿನ ಮಿತಿ ಇಡಿ.

ಇದೇ ಲಿಸ್ಟ್ ವಿಧಾನವನ್ನು ಡಿಲೀಟ್‌ಗೆ ಬಳಸುವವರು ಇದನ್ನು ಗಮನವಿಟ್ಟು ಓದಿ. ಷರತ್ತು ಒಂದೂ ಇಲ್ಲದಿದ್ದರೆ ವೇರ್ ಇಲ್ಲದ ಡಿಲೀಟ್ ಹೋಗುತ್ತದೆ, ಟೇಬಲ್ ಪೂರ್ತಿ ಖಾಲಿ. ಲಿಸ್ಟ್ ಖಾಲಿಯಿದ್ದರೆ ಎಕ್ಸೆಪ್ಶನ್ ಎಸೆಯುವ ಸಾಲನ್ನು ಮೊದಲು ಬರೆದು ಆಮೇಲೆ ಮಿಕ್ಕಿದ್ದು ಬರೆಯಿರಿ.

"ಓಆರ್‌ಎಂ ಬಳಸಿದರೆ ಈ ತಲೆನೋವೇ ಇಲ್ಲ" ಅಂದವರಿಗೆ (ಓಆರ್‌ಎಂ ಅಂದರೆ ಕೋಡ್‌ನ ಆಬ್ಜೆಕ್ಟ್‌ಗಳಿಂದ ಎಸ್‌ಕ್ಯೂಎಲ್ ತಾನೇ ಕಟ್ಟುವ ಲೈಬ್ರರಿ): ಪೈಥಾನ್‌ನ ಜಾಂಗೋ ಫ್ರೇಮ್‌ವರ್ಕ್‌ನಲ್ಲೇ ಆರ್ಡರ್‌ಬೈಗೆ ಯೂಸರ್ ಇನ್‌ಪುಟ್ ನೇರ ಕೊಟ್ಟರೆ ಇಂಜೆಕ್ಷನ್ ಆಗುತ್ತಿತ್ತು, 2021ರ ಜುಲೈಯಲ್ಲಿ 3.1.13 ಮತ್ತು 3.2.5ರಲ್ಲಿ ಸರಿಮಾಡಿದರು (ಸಿವಿಇ-2021-35042). ರಿಕ್ವೆಸ್ಟ್‌ನ ಡಿಕ್ಷನರಿಯನ್ನು ಎರಡು ನಕ್ಷತ್ರ ಹಾಕಿ ಫಿಲ್ಟರ್‌ಗೆ ಸುರಿಯುವ ಅಭ್ಯಾಸ ಇನ್ನೂ ಕೆಟ್ಟದ್ದು. 2025ರ ನವೆಂಬರ್‌ನಲ್ಲಿ ಅದಕ್ಕೂ ಒಂದು ಸಿವಿಇ ಬಂತು (2025-64459). ಬಗ್ ಇಲ್ಲದಿದ್ದರೂ, ಯಾರಾದರೂ ಸಂಬಂಧಿತ ಯೂಸರ್‌ನ ಪಾಸ್‌ವರ್ಡ್ ಹೀಗೆ ಶುರುವಾಗುತ್ತದೆಯೇ ಅಂತ ಲುಕಪ್ ಕಳಿಸಿದರೆ ಓಆರ್‌ಎಂ ವಿಧೇಯವಾಗಿ ಉತ್ತರ ಕೊಡುತ್ತದೆ. ಮೈಬ್ಯಾಟಿಸ್ ಅನ್ನುವ ಲೈಬ್ರರಿ ಬಳಸುವ ಜಾವಾದವರು #{} ಮತ್ತು ${} ವ್ಯತ್ಯಾಸ ಬಾಯಿಪಾಠ ಮಾಡಿಕೊಳ್ಳಿ: # ಅಂದರೆ ಬೈಂಡ್, $ ಅಂದರೆ ಬರೀ ಅಂಟಿಸುವುದು. ನನ್ನ ಆಯ್ಕೆ ಕೇಳಿದರೆ ಪೈಥಾನ್‌ನ ಎಸ್‌ಕ್ಯೂಎಲ್‌ಆಲ್ಕೆಮಿ ಲೈಬ್ರರಿಯ ಕೋರ್ ಭಾಗ. ಷರತ್ತುಗಳನ್ನು ಆಬ್ಜೆಕ್ಟ್ ಆಗಿ ಜೋಡಿಸಬಹುದು, ಬೈಂಡ್ ತಾನೇ ಆಗುತ್ತದೆ. ಅದರ ಟೆಕ್ಸ್ಟ್ ಫಂಕ್ಷನ್ ಒಳಗೆ ಎಫ್-ಸ್ಟ್ರಿಂಗ್ ಹಾಕಿದಿರೋ, ಮತ್ತೆ ಮೊದಲಿನ ಕಥೆಯೇ.

ಹುಡುಕಾಟಕ್ಕೆ ಪ್ರತ್ಯೇಕ ಡೇಟಾಬೇಸ್ ಯೂಸರ್ ಮಾಡಿ. ಧಾರಣೆಯ ಟೇಬಲ್‌ಗಳ ಮೇಲೆ ಸೆಲೆಕ್ಟ್ ಮಾತ್ರ, ಯೂಸರ್ ಟೇಬಲ್ ಕಣ್ಣಿಗೂ ಬೀಳಬಾರದು, ಸ್ಟೇಟ್‌ಮೆಂಟ್ ಟೈಮ್‌ಔಟ್ ಕೆಲವೇ ಸೆಕೆಂಡ್. ನಮ್ಮಲ್ಲಿ ಇದೊಂದು ಇದ್ದಿದ್ದರೂ ಆ ಹ್ಯಾಶ್ ಸಿಗುತ್ತಿರಲಿಲ್ಲ.

ಕೊನೆಗೆ, "ಕೊಪ್ಪ ಹುಡುಕಿದರೆ ಕೆಲವು ಸಾಲು ಬರುತ್ತಿಲ್ಲ" ಅಂದಿದ್ದೀರಲ್ಲ, ಅದು ಕ್ವೆರಿಯ ತಪ್ಪಲ್ಲ. ಕೊ ಅಕ್ಷರದ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಕೋಡ್ ಆಗಿಯೂ ಇಡಬಹುದು, ೆ ಮತ್ತು ೂ ಎರಡು ಕೋಡ್ ಆಗಿಯೂ ಇಡಬಹುದು. ಪರದೆಯಲ್ಲಿ ಒಂದೇ ಥರ ಕಾಣುತ್ತದೆ, ಹೋಲಿಸಿದರೆ ಬೇರೆ. ಸೇವ್ ಮಾಡುವಾಗಲೂ ಹುಡುಕುವಾಗಲೂ ಪೈಥಾನ್‌ನ ಯೂನಿಕೋಡ್‌ಡೇಟಾದಿಂದ ಎನ್‌ಎಫ್‌ಸಿಗೆ (ಇಂಥ ಜೋಡಿಗಳನ್ನು ಒಂದೇ ಕೋಡ್ ಮಾಡುವ ಯೂನಿಕೋಡ್ ರೂಪ) ತನ್ನಿ. ತೀರ್ಥಹಳ್ಳಿ ಅನ್ನುವ ಪದದಲ್ಲಿ ಅರ್ಕಾವತ್ತಿನ ಬದಲು ರ ಬಿಡಿಸಿ ಬರೆಯುವವರು ನಡುವೆ ಜೀರೋ ವಿಡ್ತ್ ಜಾಯ್ನರ್ ಅನ್ನುವ ಕಣ್ಣಿಗೆ ಕಾಣದ ಗುರುತು ಬಿಟ್ಟಿರುತ್ತಾರೆ. ಎನ್‌ಎಫ್‌ಸಿ ಅದನ್ನು ತೆಗೆಯುವುದಿಲ್ಲ, ನೀವೇ ತೆಗೆಯಬೇಕು. ಹುಡುಕಾಟಕ್ಕೆಂದೇ ಬೇರೆ ಕಾಲಂ ಇಟ್ಟು ಅಲ್ಲಿ ತೆಗೆಯಿರಿ, ತೋರಿಸುವ ಕಾಲಂ ಅವರು ಬರೆದ ಹಾಗೇ ಇರಲಿ.