ಕಬ್ಬಿನ ತೂಕದ ಒಂದೇ ಎಸ್‌ಎಂಎಸ್ ರೈತರಿಗೆ ಎರಡು ಸಲ ಹೋಗುತ್ತಿರುವುದೇಕೆ?

ಮುಧೋಳದ ಕಡೆಯ ಕಾರ್ಖಾನೆಯೊಂದಕ್ಕೆ ಕಬ್ಬಿನ ತೂಕದ ಎಸ್‌ಎಂಎಸ್ ಕಳುಹಿಸುವ ಸೇವೆ ನಡೆಸುತ್ತಿದ್ದೀರಿ. ಸಂಜೆ ಟ್ರ್ಯಾಕ್ಟರ್‌ಗಳ ಸಾಲು ಬೆಳೆದಾಗ ಸಂದೇಶಗಳನ್ನು ಕ್ಯೂನಲ್ಲಿಟ್ಟು ನಿಮ್ಮ ಪ್ರೋಗ್ರಾಂಗೆ ಹಂಚುವ ರಾಬಿಟ್‌ಎಂಕ್ಯೂ ನಿಂತಂತಾಗುತ್ತದೆ, ಕೆಲವರಿಗೆ ಒಂದೇ ಸಂದೇಶ ಎರಡು ಸಲ ಹೋಗುತ್ತದೆ, ರೀಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಸರಿಹೋಗುತ್ತದೆ ಎಂದಿದ್ದೀರಿ. ನಾನು ಬೆಳಗಾವಿಯಲ್ಲಿ ಇಂಥದೇ ಸೇವೆ ನೋಡಿಕೊಳ್ಳುತ್ತೇನೆ. ದಯವಿಟ್ಟು ರೀಸ್ಟಾರ್ಟ್ ಮಾಡಬೇಡಿ. ಕೈಯಲ್ಲಿದ್ದ ಸಂದೇಶಗಳೆಲ್ಲ ಅದರಿಂದ ಮತ್ತೆ ಕ್ಯೂಗೆ ಮರಳುತ್ತವೆ, ಕಾರಣವೂ ಮರೆಯಾಗುತ್ತದೆ.

ನಿಮ್ಮ ಅಂಕಿಗಳಲ್ಲೇ ಉತ್ತರವಿದೆ: ‘ರೆಡಿ’ (ಇನ್ನೂ ಕ್ಯೂನಲ್ಲೇ ಕಾಯುತ್ತಿರುವವು) ಸೊನ್ನೆ, ‘ಅನ್‌ಆಕ್ಡ್’ (ಕೊಟ್ಟಾಗಿದ್ದರೂ ‘ಮುಗಿಯಿತು’ ಎಂಬ ಉತ್ತರ, ಅಂದರೆ ಆಕ್, ಬಾರದವು) ಸಾವಿರ. ಬ್ರೋಕರ್, ಅಂದರೆ ರಾಬಿಟ್‌ಎಂಕ್ಯೂ, ತನ್ನ ಕೆಲಸ ಮುಗಿಸಿದೆ. ಎಲ್ಲವೂ ನಿಮ್ಮ ಒಂದೇ ಕನ್ಸ್ಯೂಮರ್ (ಸಂದೇಶ ಪಡೆದು ಎಸ್‌ಎಂಎಸ್ ಕಳುಹಿಸುವ ಪ್ರೋಗ್ರಾಂ) ಬಳಿ ಬಿದ್ದಿದೆ. ಆಕ್ ಬರುವ ಮುನ್ನ ಎಷ್ಟು ಸಂದೇಶ ಕೊಡಬಹುದೆಂಬ ಪ್ರಿಫೆಚ್ ಮಿತಿ ಹಾಕದಿದ್ದರೆ ರಾಬಿಟ್‌ಎಂಕ್ಯೂ ಇರುವುದಷ್ಟನ್ನೂ ಒಮ್ಮೆಲೇ ಸುರಿದುಬಿಡುತ್ತದೆ.

ಈಗ ಲೆಕ್ಕ ಹಾಕಿ. ಸಂಜೆ ಎಸ್‌ಎಂಎಸ್ ಗೇಟ್‌ವೇ (ಸಂದೇಶವನ್ನು ಮೊಬೈಲ್‌ಗೆ ತಲುಪಿಸುವ ಸೇವೆ) ನಿಧಾನವಾಗಿ ಒಂದೊಂದಕ್ಕೂ ಮೂರು ಸೆಕೆಂಡ್ ಹಿಡಿದರೆ ಸಾವಿರಕ್ಕೆ 50 ನಿಮಿಷ ಬೇಕು. ಆಕ್ ಬರಲು ಬ್ರೋಕರ್ ಕಾಯುವ ಡೀಫಾಲ್ಟ್ ಮಿತಿ 30 ನಿಮಿಷ. ಆ ಗಡಿಯಾರ ಓಡುವುದು ಸಂದೇಶ ಕೈಸೇರಿದ ಕ್ಷಣದಿಂದ, ನೀವು ಅದನ್ನು ಎತ್ತಿಕೊಂಡಾಗಿನಿಂದಲ್ಲ. ಅವಧಿ ಮೀರಿದೊಡನೆ ಬ್ರೋಕರ್‌ಗೂ ಕನ್ಸ್ಯೂಮರ್‌ಗೂ ನಡುವಿನ ಚಾನೆಲ್ ಮುಚ್ಚುತ್ತದೆ, ಉಳಿದ ಸುಮಾರು ನಾನೂರು ಸಂದೇಶಗಳು ಕ್ಯೂಗೆ ಮರಳುತ್ತವೆ. ನಿಮ್ಮ ಪ್ರೋಗ್ರಾಂ ಮಾತ್ರ ತನ್ನ ಮೆಮೊರಿಯಲ್ಲಿರುವುದನ್ನು ಕಳುಹಿಸುತ್ತಲೇ ಇದ್ದರೆ ಆ ಆಕ್‌ಗಳಿಗೆ ಬೆಲೆಯಿಲ್ಲ. ಎರಡನೆಯ ಎಸ್‌ಎಂಎಸ್ ಹುಟ್ಟುವುದು ಇಲ್ಲೇ. ಲಾಗ್‌ನಲ್ಲಿ ‘ಪ್ರಿಕಂಡಿಷನ್ ಫೇಲ್ಡ್’ ಎಂಬ ಸಾಲು ಹುಡುಕಿ, ಖಚಿತವಾಗುತ್ತದೆ.

ಆ 30 ನಿಮಿಷವನ್ನು ಹೆಚ್ಚಿಸಿ ಎಂದು ಯಾರಾದರೂ ಹೇಳಿಯಾರು, ಕೇಳಬೇಡಿ. ಕನ್ಸ್ಯೂಮ್ ಶುರುವಾಗುವ ಮೊದಲೇ ಪ್ರಿಫೆಚ್ ಅನ್ನು 10ಕ್ಕೆ ನಿಲ್ಲಿಸಿ, ಕನ್ಸ್ಯೂಮರ್‌ಗಳನ್ನು ಎರಡು ಮೂರಕ್ಕೆ ಏರಿಸಿ. ಆಟೋ ಆಕ್ (ಕೊಟ್ಟ ಕೂಡಲೇ ಮುಗಿಯಿತೆಂದು ಎಣಿಸುವುದು) ಇದ್ದರೆ ಪ್ರಿಫೆಚ್ ಲೆಕ್ಕಕ್ಕೇ ಬರುವುದಿಲ್ಲ, ನೆನಪಿರಲಿ. ಗೇಟ್‌ವೇ ಕರೆಗೆ ಹತ್ತು ಸೆಕೆಂಡ್ ಟೈಮ್‌ಔಟ್ ಕೊಡಿ. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿ ನೀವು ಹೇಳದ ಹೊರತು ಕಾಯುತ್ತಲೇ ಇರುತ್ತದೆ.

ಇಷ್ಟಾದರೂ ನೆಟ್‌ವರ್ಕ್ ಕಡಿದಾಗ ಅದೇ ಸಂದೇಶ ಮತ್ತೆ ಬರುವುದು ತಪ್ಪದು. ಆದ್ದರಿಂದ ತೂಕದ ಚೀಟಿಯ ಸಂಖ್ಯೆಯನ್ನು ಡೇಟಾಬೇಸ್‌ನಲ್ಲಿ ಯುನಿಕ್ ಕೀ (ಎರಡು ಸಲ ಸೇರಿಸಲಾಗದ ಗುರುತು) ಮಾಡಿ, ಕಳುಹಿಸಿದ್ದನ್ನು ಅಲ್ಲಿ ಗುರುತು ಹಾಕಿ. ಅದೇ ಚೀಟಿ ಮತ್ತೆ ಬಂದರೆ ಆಕ್ ಮಾತ್ರ ಮಾಡಿ. ರೈತ ಬಿಲ್ಲಿಗೆ ತಾಳೆ ನೋಡುವುದು ಇದೇ ಎಸ್‌ಎಂಎಸ್. ಎರಡು ಸಲ ಬಂದರೆ ಎರಡು ಲೋಡ್ ಎಂದುಕೊಳ್ಳುತ್ತಾನೆ. ಹಂಗಾಮು ನಡೆದಿರುವಾಗಲೇ ಇದನ್ನು ಮೊದಲು ಸೇರಿಸಿ, ಉಳಿದದ್ದು ನಾಳೆಯಾದರೂ ನಡೆದೀತು.